ನಮ್ಮ ಸೈಕಲ್ ಪುರಾಣ

ಸೈಕಲ್ಲಿಗೆ ಎರಡು ಚಕ್ರಗಳಿರುವಂತೆ ಎರಡು ಬೆಲೆಗಳೂ ಇರುತ್ತವೆ. ಒಂದು ಅಂಗಡಿಯಲ್ಲಿ ಕೊಟ್ಟ ಬೆಲೆ. ಇನ್ನೊಂದು ಮನೆಯಲ್ಲಿ ಹೇಳಿದ ಬೆಲೆ. ಈ ಎರಡರ ನಡುವಣ ಅಂತರವೇ ಸವಾರನ ಭಕ್ತಿಯ ಅಳತೆಯೆಂದು ನನ್ನ ಮಿತ್ರರೊಬ್ಬರು ಹೇಳುತ್ತಾರೆ. ಅವರು ಬ್ಯಾಂಕಿನಲ್ಲಿರುವವರು, ಲೆಕ್ಕದ ಮಾತಿನಲ್ಲಿ ಅವರನ್ನು ನಂಬಬಹುದು. ನಾನು ಅಂಗಡಿಯಲ್ಲಿ ಕೊಟ್ಟದ್ದು 1,80,000 ರೂಪಾಯಿ. ಮನೆಯಲ್ಲಿ ಹೇಳಿದ್ದು 40,000. ಈಗ ಮನೆಯಲ್ಲಿಯೂ ನಿಜ ತಿಳಿದಿದೆ. ಹೇಗೆ ತಿಳಿಯಿತೆಂಬುದನ್ನು ಹೇಳುವ ಮೊದಲು ನಮ್ಮ ಸೈಕಲ್ ಬಳಗದ ಪರಿಚಯವನ್ನು ಮಾಡಿಕೊಡಬೇಕು.

ವಿಜಯಪುರ, ಬಾಗಲಕೋಟೆಯ ಕಡೆಗೆ ಸೈಕಲ್ಲಿನ ಹುಚ್ಚು ಹೊಸದಲ್ಲ. ನಮ್ಮ ಜಾತ್ರೆಗಳಲ್ಲಿ ಕುಸ್ತಿಯಂತೆ, ಕಲ್ಲು ಎತ್ತುವಂತೆ, ಸೈಕಲ್ ಶರ್ಯತ್ತೂ ಒಂದು. ಈ ನೆಲದಲ್ಲಿ ಬೆಳೆದ ಹುಡುಗರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. ಗೆದ್ದವರಲ್ಲಿ ಕೆಲವರು ರೈಲ್ವೆಯಲ್ಲಿ, ಸೈನ್ಯದಲ್ಲಿ ಅನ್ನ ಕಂಡುಕೊಂಡಿದ್ದಾರೆ. ಏರಿಲ್ಲ, ಇಳಿಜಾರಿಲ್ಲ, ಕಣ್ಣು ಹಾಯುವಷ್ಟು ದೂರ ಜೋಳದ ಹೊಲ, ನಡುವೆ ರಸ್ತೆ. ಇಲ್ಲಿ ಶತ್ರುವೆಂದರೆ ಗಾಳಿ. ವೇಗ ಇಮ್ಮಡಿಯಾದರೆ ಅದರ ತಡೆ ನಾಲ್ಮಡಿಯಾಗುತ್ತದೆ. ಆಷಾಢದಲ್ಲಿ ಪಡುವಣ ಗಾಳಿಗೆ ಎದೆಗೊಟ್ಟು ತಿಕೋಟೆಯ ದಾರಿ ಹಿಡಿದವನಿಗೆ ಆ ಗಣಿತವನ್ನು ಕರಿಹಲಗೆಯ ಮೇಲೆ ತೋರಿಸಬೇಕಾಗಿಲ್ಲ. ಮರಳುವಾಗ ಬೆನ್ನಿಗೆ ಗಾಳಿ. ಆಗ ನಾವೆಲ್ಲರೂ ಶೂರರೇ.

ನಸುಕಿನಲ್ಲಿ ಹೊರಟು ತಿಕೋಟೆ ಮುಟ್ಟಿ ಚಹದ ಅಂಗಡಿಯ ಬಾಕಿನ ಮೇಲೆ ಕುಳಿತೆವೆಂದರೆ ಪುರಾಣ ಪ್ರಾರಂಭ. ಗೇರು, ಬ್ರೇಕು, ಚೈನು, ಕ್ರ್ಯಾಂಕು ಇವೆಲ್ಲ ಕೂಡಿದ ಸಂಸಾರಕ್ಕೆ ಗ್ರೂಪ್‌ಸೆಟ್ ಎಂದು ಹೆಸರು. ಶಿಮಾನೊ ಎಂಬ ಜಪಾನಿನ ಕಂಪನಿ ಅದರಲ್ಲಿ ಸರಕಾರಿ ನೌಕರಿಯಂತೆ ದರ್ಜೆಗಳನ್ನು ಮಾಡಿಟ್ಟಿದೆ. ಕ್ಲಾರಿಸ್ ಎಂಬುದು ಗುಮಾಸ್ತ. ಹಿಂದೆ ಎಂಟು ಹಲ್ಲುಚಕ್ರ. ಅಲ್ಲಿಂದ ಸೋರಾ, ಟಿಯಾಗ್ರಾ, 105, ಅಲ್ಟೆಗ್ರಾ ಎಂದು ಬಡ್ತಿ ಪಡೆಯುತ್ತ ಹೋದರೆ ಕೊನೆಗೆ ಡ್ಯೂರಾ-ಏಸ್ ಎಂಬ ಮುಖ್ಯ ಕಾರ್ಯದರ್ಶಿ; ಅದಕ್ಕೆ ಹನ್ನೆರಡು. ನಾನು 105ರಲ್ಲಿ ನಿವೃತ್ತನಾಗುವವನು. ನಮ್ಮ ದಂತವೈದ್ಯರು ಅಲ್ಟೆಗ್ರಾದವರು. ಅವರ ಸೈಕಲ್ಲು ನನ್ನದಕ್ಕಿಂತ 600 ಗ್ರಾಂ ಹಗುರ. ಈ 600 ಗ್ರಾಮಿನ ವಿಷಯವನ್ನು ಅವರು ವಾರಕ್ಕೆರಡು ಸಲವಾದರೂ ಎತ್ತುತ್ತಾರೆ.

“ಡಾಕ್ಟರ್, ಅಷ್ಟು ರೊಕ್ಕ ಸುರಿಯೂಕಿಂತ ಎರಡು ಹೋಳಿಗಿ ಕಡಿಮಿ ತಿಂದಿದ್ರ ಆಗತಿತ್ತಲ್ಲ?” ಎಂದು ಬ್ಯಾಂಕಿನವರು.

“ಹೋಳಿಗಿ ಬಿಡೂದು ತುಟ್ಟಿ ಆಗ್ತದರಿ,” ಎಂದು ಡಾಕ್ಟರು.

ನಮ್ಮಲ್ಲಿ ಒಬ್ಬರು ಎಂಜಿನಿಯರರಿದ್ದಾರೆ. ಕಾರ್ಬನ್ನೆಂದರೆ ಅವರಿಗೆ ಆಗದು. ಉಕ್ಕಿನ ಚೌಕಟ್ಟೇ ಚೌಕಟ್ಟು, ಉಳಿದದ್ದೆಲ್ಲ ಅಂಟು ಮತ್ತು ಬಟ್ಟೆ ಎಂಬುದು ಅವರ ಸಿದ್ಧಾಂತ. ಓಟದ ಸೈಕಲ್ಲು 6.8 ಕಿಲೋಗಿಂತ ಹಗುರವಾಗಿರಕೂಡದೆಂದು ಅಂತರರಾಷ್ಟ್ರೀಯ ಸಂಸ್ಥೆ 2000ದಲ್ಲಿ ಕಟ್ಟುಮಾಡಿತಷ್ಟೆ. ಆದರೆ 1972ರಲ್ಲಿಯೇ ಎಡ್ಡಿ ಮರ್ಕ್ಸ್ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ತುಳಿದದ್ದು 6 ಕಿಲೋ ಕೂಡ ತೂಗದ ಉಕ್ಕಿನ ಸೈಕಲ್ಲಿನ ಮೇಲೆ ಎಂದು ಅವರು ಬೆರಳೆತ್ತಿ ಹೇಳುವಾಗ ಚಹ ಆರಿ ಹೋಗುತ್ತದೆ. ಅದಕ್ಕೂ ಅವರಿಗೆ ಪ್ರಿಯವಾದ ಕಥೆ ಗ್ರೇಮ್ ಒಬ್ರಿ ಎಂಬ ಸ್ಕಾಟ್ಲೆಂಡಿನವನದು. ಆತ ತನ್ನ ಸೈಕಲ್ಲನ್ನು ತಾನೇ ಕಟ್ಟಿಕೊಂಡ. ಬಟ್ಟೆ ಒಗೆಯುವ ಯಂತ್ರದ ಬೇರಿಂಗುಗಳನ್ನು ತೆಗೆದು ಅದಕ್ಕೆ ಜೋಡಿಸಿದ. 1993ರ ಜುಲೈಯಲ್ಲಿ ನಾರ್ವೆಗೆ ಹೋಗಿ ಗಂಟೆಗೆ 51.596 ಕಿಲೋಮೀಟರಿನ ದಾಖಲೆ ಮಾಡಿದ. ಒಂದು ವಾರದೊಳಗೆ ಬೇರೊಬ್ಬ ಅದನ್ನು ಮುರಿದನೆಂಬುದನ್ನು ಎಂಜಿನಿಯರರು ಹೇಳುವುದಿಲ್ಲ, ನಾನು ಹೇಳುತ್ತೇನೆ.

“ಅವತ್ತಿನಿಂದ ನಮ್ಮ ಮನಿ ವಾಷಿಂಗ್ ಮಶೀನಿನ ಮ್ಯಾಲೆ ಒಂದು ಕಣ್ಣಿಟ್ಟೀನಿ,” ಎನ್ನುತ್ತಾರೆ ಬ್ಯಾಂಕಿನವರು.

ಈ ಪುರಾಣ ಶ್ರವಣಕ್ಕೆ ಒಬ್ಬ ಹುಡುಗ ಬರುತ್ತಿದ್ದ. ನಮ್ಮ ಕಾಲೇಜಿನವನೇ, ಎರಡನೆಯ ವರ್ಷದ ಬಿ.ಎ. ದಾರಿಯಲ್ಲಿ ನಮ್ಮೆಲ್ಲರನ್ನೂ ಹಿಂದೆ ಹಾಕಿ, ಅಂಗಡಿಯಲ್ಲಿ ನಮ್ಮೆಲ್ಲರಿಗಿಂತ ಹಿಂದೆ ಕುಳಿತು ಸುಮ್ಮನೆ ಕೇಳುವವನು. ಅವನದು ಕೈ ಬದಲಾದ ಅಲ್ಯೂಮಿನಿಯಮ್ ಸೈಕಲ್ಲು, ಗ್ರೂಪ್‌ಸೆಟ್ಟಿನಲ್ಲಿ ಗುಮಾಸ್ತ. ಒಂದು ದಿನ ಎಲ್ಲರ ಬೆಲೆಗಳ ಪಾರಾಯಣ ಮುಗಿದಿತ್ತು. ಮಾತು ತುಂಬಲೆಂದು ನಾನೇ ಕೇಳಿದೆ:

“ನಿಂದು ಎಷ್ಟಕ್ಕ ಬಿತ್ತಪಾ?”

“ಒಂದು ಎತ್ತಿಗೆ ಬಿತ್ರಿ ಸರ.”

ನಾವು ನಕ್ಕೆವು. ಅವನು ನಗಲಿಲ್ಲ.

“ಜೋಡ್ಯಾಗಿನ ಬಲಗಡೆ ಎತ್ತರಿ. ಸಿದ್ಧೇಶ್ವರ ಜಾತ್ರ್ಯಾಗ ಅಪ್ಪ ಮಾರಿ ಬಂದ. ನಲವತ್ತೈದು ಸಾವಿರ.”

“ಮತ್ತ ಇನ್ನೊಂದು?” ಎಂದರು ಬ್ಯಾಂಕಿನವರು, ತಗ್ಗಿದ ದನಿಯಲ್ಲಿ.

“ಅದು ಐತ್ರಿ. ಬಾಜೂ ಹೊಲದವರದೂ ಒಂಟಿ ಎತ್ತು. ಅವರಿಗೊಂದು ದಿವಸ, ನಮಗೊಂದು ದಿವಸ, ಎರಡೂ ಕೂಡಿಸಿ ಹೂಡ್ತೀವ್ರಿ. ಮೊದಲ ಹೊಂದಲಿಲ್ಲ. ಈಗ ಹೊಂದ್ಯಾವು.”

ಆ ದಿನ ಚಹದ ಹಣ ಕೊಡಲು ಎಲ್ಲರೂ ಒಟ್ಟಿಗೆ ಎದ್ದೆವು.

ಹದಿನೈದು ದಿನಗಳ ಮೇಲೆ, ಅವನ ಸೈಕಲ್ಲು ಗೋಡೆಗೊರಗಿದ್ದಾಗ, ಹ್ಯಾಂಡಲ್ಲಿನ ಕೆಳಗೆ ಕೊಳವೆಗಳೆರಡು ಕೂಡುವಲ್ಲಿ ಕೂದಲೆಳೆಯಂಥ ಒಂದು ಗೆರೆಯನ್ನು ಕಂಡೆ. ಧೂಳೆಂದು ಒರಸಿದೆ. ಹೋಗಲಿಲ್ಲ. ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಆಗ ಆರೇ ದಿನ ಉಳಿದಿದ್ದವು. ಹೇಳದೆ ಇರಬಹುದಿತ್ತು, ಗೆರೆಯಷ್ಟೆ, ಆರು ದಿನ ತಾಳಿಕೊಂಡೀತು ಎಂಬ ಯೋಚನೆ ಒಂದು ಕ್ಷಣ ಬಂದುದು ಸುಳ್ಳಲ್ಲ. ಆದರೆ 45 ಕಿಲೋಮೀಟರ್ ವೇಗದಲ್ಲಿ ಆ ಜಾಗ ಮುರಿದರೆ ಸವಾರನು ಮುಖವಡಿಯಾಗಿ ಬೀಳುತ್ತಾನೆ. ಹೇಳಿದೆ.

“ವೆಲ್ಡಿಂಗ್ ಮಾಡಸ್ತೀನ್ರಿ ಸರ,” ಎಂದ.

ಎಂಜಿನಿಯರರು ತಲೆಯಾಡಿಸಿದರು. ಉಕ್ಕಾಗಿದ್ದರೆ ನಮ್ಮೂರ ಬೆಸುಗೆಯವನ ಕೈಯಲ್ಲಿಯೇ ಕೂಡಿಸಿಕೊಳ್ಳಬಹುದಿತ್ತು. ಅಲ್ಯೂಮಿನಿಯಮ್ ಹಾಗಲ್ಲ. ಬೆಸೆದ ಸುತ್ತ ಅದರ ಬಿರುಸು ಹೋಗಿಬಿಡುತ್ತದೆ; ಚೌಕಟ್ಟನ್ನಿಡೀ 500 ಡಿಗ್ರಿಗೂ ಮೇಲೆ ಕಾಸಿ, ತಟ್ಟನೆ ತಣಿಸಿ, ಮತ್ತೆ ಹದವಾದ ಕಾವಿನಲ್ಲಿ ಗಂಟೆಗಟ್ಟಲೆ ಇಟ್ಟರೆ ಅದು ಮರಳೀತು. ಅಂಥ ಕುಲುಮೆ ಇಲ್ಲೆಲ್ಲಿ? ಅದೂ ಅಲ್ಲದೆ ಉಕ್ಕು ಸಣ್ಣ ಪೆಟ್ಟುಗಳನ್ನು ಎಷ್ಟಾದರೂ ಸಹಿಸುತ್ತದೆ. ಅಲ್ಯೂಮಿನಿಯಮ್ ಒಂದೊಂದನ್ನೂ ಖಾತೆಯಲ್ಲಿ ಬರೆದಿಟ್ಟು ಒಂದು ದಿನ ಬಡ್ಡಿಯೊಡನೆ ವಸೂಲು ಮಾಡುತ್ತದೆ. ಈ ಉಪಮೆ ಬ್ಯಾಂಕಿನವರದು. ಹುಡುಗ ಕೇಳಿ, ಆ ಗೆರೆಯ ಮೇಲೆ ಉಗುರಾಡಿಸಿ ಎದ್ದುಹೋದ.

ನನ್ನ ಸೈಕಲ್ಲನ್ನು ಕೊಡೋಣವೆಂಬ ಮಾತು ಅಲ್ಲಿಯೇ ಬಾಯಿಗೆ ಬರಬೇಕಾಗಿತ್ತು. ಬರಲಿಲ್ಲ. ಮನೆಗೆ ಬಂದು ಅದನ್ನು ಒರಸಿದೆ, ಒರಸಿದ್ದನ್ನೇ ಒರಸಿದೆ. ಅವನು ನನಗಿಂತ ಉದ್ದ, ಅಳತೆ ಹೊಂದುವುದಿಲ್ಲ ಎಂದುಕೊಂಡೆ. ಸೀಟನ್ನು ಎರಡು ಬೆರಳು ಏರಿಸಿದರೆ ಹೊಂದುತ್ತಿತ್ತು. ಕಾರ್ಬನ್ನಿಗೆ ಪೆಟ್ಟು ಬಿದ್ದರೆ ಹೊರಗೆ ಕಾಣದೆ ಒಳಗೇ ಬಿರುಕು ಬಿಡುತ್ತದೆಂಬ ಶಾಸ್ತ್ರ ನೆನಪಾಯಿತು. ಹೀಗೆ ಎರಡು ರಾತ್ರಿ ನನ್ನ ಜಿಪುಣತನಕ್ಕೆ ವಿಜ್ಞಾನದ ಹೊದಿಕೆ ಹೊದಿಸಿ, ಮೂರನೆಯ ದಿನ ನಾಚಿಕೆ ತಾಳಲಾರದೆ ಹುಡುಗನಿಗೆ ಹೇಳಿಕಳಿಸಿದೆ.

ಸಂಜೆ ಅವನು ತಂದೆಯೊಡನೆ ಬಂದ. ಹಿರಿಯರು ಅಂಗಳದಲ್ಲಿ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಹೆಬ್ಬೆರಳಿನಿಂದ ಟಯರನ್ನೊತ್ತಿದರು. ಚೌಕಟ್ಟನ್ನು, ದನದ ಬೆನ್ನ ಮೇಲೆ ಕೈಯಾಡಿಸುವಂತೆ, ಹಿಂದಿನಿಂದ ಮುಂದಕ್ಕೆ ತಡವಿದರು. ಒಂದೇ ಕೈಯಿಂದ ಎತ್ತಿ ಇಳಿಸಿದರು. ನನ್ನಾಕೆ ಚಹ ತಂದು ಬಾಗಿಲಲ್ಲಿ ನಿಂತಿದ್ದಳು.

“ಇದಕ್ಕೆಷ್ಟು ಕೊಟ್ರಿ ಸರ?”

“ನಲವತ್ತು ಸಾವಿರ,” ಎಂದೆ. ರೂಢಿಯಾದ ಸುಳ್ಳು, ನಾಲಗೆ ತಡವರಿಸಲಿಲ್ಲ.

ಹಿರಿಯರು ಮಗನ ಕಡೆಗೆ ತಿರುಗಿದರು. “ನೋಡಲೇ. ಸರ ಹೊಸಾದು, ಹೂವಿನಂಥಾದ್ದು, ನಲವತ್ತಕ್ಕ ತಂದಾರ. ನೀ ಹಳೇದಕ್ಕ, ಒಡೆಯೂದಕ್ಕ, ನಲವತ್ತೈದು ಕೊಟ್ಟಿ. ಒಂದು ಎತ್ತು ಹಾಳು ಮಾಡಿದೆಲ್ಲಲೇ!”

ನನ್ನ ಸೈಕಲ್ಲಿನ ನಿಜವಾದ ಬೆಲೆ ಹುಡುಗನಿಗೆ ಗೊತ್ತಿತ್ತು. ತಿಕೋಟೆಯ ಬಾಕಿನ ಮೇಲೆ ಎಷ್ಟು ಸಲ ಕೇಳಿರಲಿಲ್ಲ! ಅವನು ನನ್ನನ್ನೊಮ್ಮೆ, ಬಾಗಿಲ ಕಡೆಗೊಮ್ಮೆ ನೋಡಿ ತಲೆ ತಗ್ಗಿಸಿ ಬೈಸಿಕೊಂಡು ನಿಂತ.

“ಯಜಮಾನ್ರ, ಅದು ನಲವತ್ತಲ್ಲ,” ಎಂದೆ. “ಒಂದು ಲಕ್ಷ ಎಂಬತ್ತು ಸಾವಿರ. ನಿಮ್ಮ ಮಗ ಮೋಸ ಹೋಗಿಲ್ಲ. ನಾನೇ ಸುಳ್ಳು ಹೇಳಿದೆ.”

ಬಾಗಿಲಲ್ಲಿ ಬಟ್ಟಲುಗಳು ಸದ್ದು ಮಾಡಿದವು. ಹಿರಿಯರು ಮನಸ್ಸಿನಲ್ಲಿಯೇ ಗುಣಿಸುತ್ತಿದ್ದರೆಂದು ತೋರುತ್ತದೆ. “ಎರಡು ಜೋಡಿ ಎತ್ತು,” ಎಂದು ಮೆಲ್ಲಗೆ ಹೇಳಿ ಸೈಕಲ್ಲಿನಿಂದ ಕೈ ತೆಗೆದರು. “ಬ್ಯಾಡ್ರಿ ಸರ. ಇಷ್ಟು ತುಟ್ಟೀದು ನಮಗ ಬ್ಯಾಡ. ಏನರ ಆದ್ರ ನಾವು ಎಲ್ಲಿಂದ ತುಂಬಿಕೊಡೂದು? ನಡಿಯೋ ತಮ್ಮಾ.”

ಸುಳ್ಳು ಹೇಳಿದಾಗ ಹುಡುಗ ಬೈಸಿಕೊಂಡ. ನಿಜ ಹೇಳಿದಾಗ ಸೈಕಲ್ಲೇ ಕೈಬಿಟ್ಟಿತು. ನನಗೆ ಮುಂದೆ ಮಾತು ತೋಚಲಿಲ್ಲ.

ನನ್ನಾಕೆ ಮುಂದೆ ಬಂದು ಹಿರಿಯರ ಕೈಗೆ ಬಟ್ಟಲು ಕೊಟ್ಟಳು. “ಒಯ್ರಿ ಕಾಕಾ,” ಎಂದಳು. “ನಮ್ಮ ಮನ್ಯಾಗ ಅದರ ಬೆಲಿ ನಲವತ್ತು ಸಾವಿರನ ಐತಿ.”

ನನ್ನ ಕಡೆಗೆ ನೋಡಲಿಲ್ಲ. ಆ ವಾರವೆಲ್ಲ ನೋಡಲಿಲ್ಲವೆಂದರೂ ಸಲ್ಲುತ್ತದೆ.

ಆಯ್ಕೆಯ ಓಟದಲ್ಲಿ ಹುಡುಗ ಮೂರನೆಯವನಾಗಿ ಬಂದ, ತಂಡಕ್ಕೆ ಆರಿಸಿಕೊಂಡರು. ಆಯ್ಕೆಯಾದವರಿಗೆ ಒಂದು ತಿಂಗಳ ಶಿಬಿರವಿರುತ್ತದೆಂಬುದು ನನ್ನ ಲೆಕ್ಕದಲ್ಲಿರಲಿಲ್ಲ. ಸೈಕಲ್ಲು ಅವನೊಡನೆ ಶಿಬಿರಕ್ಕೆ ಹೋಗಿದೆ. ನಾನು ಅಟ್ಟದ ಮೇಲಿದ್ದ ನಮ್ಮ ತಂದೆಯವರ ಕರಿಯ ಸೈಕಲ್ಲನ್ನು ಇಳಿಸಿ ಎಣ್ಣೆ ಬಿಟ್ಟಿದ್ದೇನೆ. ಇಪ್ಪತ್ತು ಕಿಲೋದ ಆಸುಪಾಸು ತೂಗುತ್ತದೆ, ಗೇರಿಲ್ಲ, ಕ್ಯಾರಿಯರಿದೆ. ನಾನು ತಿಕೋಟೆ ಮುಟ್ಟುವ ಹೊತ್ತಿಗೆ ಮಿತ್ರರದು ಎರಡನೆಯ ಚಹ ನಡೆದಿರುತ್ತದೆ. ಎಂಜಿನಿಯರರೊಬ್ಬರೇ ಎದ್ದು ಬಂದು ಚೌಕಟ್ಟನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, “ಉಕ್ಕು!” ಎನ್ನುತ್ತಾರೆ.