ನಿರ್ಜೀವ ಉಗುರಿನ ನೋವು

ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ದಿನಗಳಲ್ಲಿ ನಾನು ಪ್ರತಿ ವರ್ಷವೂ ತಪ್ಪದೆ ಕೇಳುತ್ತಿದ್ದ ಪ್ರಶ್ನೆಯೊಂದಿತ್ತು: "ಉಗುರನ್ನು ಕತ್ತರಿಸಿದರೆ ನೋವಾಗುವುದಿಲ್ಲ, ಏಕೆ?" ಉತ್ತರವನ್ನು ನನ್ನ ವಿದ್ಯಾರ್ಥಿಗಳು ಇಂದಿಗೂ ಮರೆತಿರಲಾರರು. ಉಗುರು ಕೆರಾಟಿನ್ ಎಂಬ ಪ್ರೋಟೀನಿನಿಂದ ತುಂಬಿದ ನಿರ್ಜೀವ ಕೋಶಗಳ ಫಲಕ. ಅದರಲ್ಲಿ ನರಗಳಿಲ್ಲ, ರಕ್ತನಾಳಗಳಿಲ್ಲ, ಆದ್ದರಿಂದ ನೋವೂ ಇಲ್ಲ. ಪರೀಕ್ಷೆಯಲ್ಲಿ ಇದಕ್ಕೆ ಎರಡು ಅಂಕ. ಉತ್ತರವೇನೋ ಸರಿಯಾದುದೇ. ಆದರೆ ಆ ಸರಿಯಾದ ಉತ್ತರವನ್ನು ನಾನು ಒಮ್ಮೆ ಬಹಳ ತಪ್ಪಾಗಿ ಬಳಸಿದೆ. ಆ ತಪ್ಪು ನನಗೆ ಮನದಟ್ಟಾಗಲು ಮೂವತ್ತೆರಡು ವರ್ಷಗಳು ಬೇಕಾದವು.

ಅದು 1987ರ ಆಗಸ್ಟ್ ತಿಂಗಳು. ಸ್ವಾತಂತ್ರ್ಯ ದಿನಾಚರಣೆಯ ಕವಾಯತಿಗೆ ಮಕ್ಕಳನ್ನು ಸಜ್ಜುಗೊಳಿಸುವ ಹೊಣೆಯಲ್ಲಿ ನನಗೂ ಪಾಲಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎರಡು ದಿನಗಳಿಂದ ಸಾಲಿನಲ್ಲಿ ಕುಂಟುತ್ತಿದ್ದ. ಮೂರನೆಯ ದಿನ ಬಿಳಿಯ ಕ್ಯಾನ್‌ವಾಸ್ ಬೂಟನ್ನೇ ಬಿಟ್ಟು ಹವಾಯಿ ಚಪ್ಪಲಿಯಲ್ಲಿ ಬಂದ. ಕಾರಣ ಕೇಳಿದೆ. ತಲೆ ತಗ್ಗಿಸಿ, "ಹೆಬ್ಬೆರಳಿನ ಉಗುರು ನೋಯುತ್ತೆ ಸಾರ್" ಎಂದ. ನಾನು ಇಡೀ ಸಾಲಿಗೆ ಕೇಳುವಂತೆ, "ಉಗುರು ನಿರ್ಜೀವ ಅಂತ ಪಾಠ ಮಾಡಿರಲಿಲ್ಲವೇನೋ? ಸತ್ತ ವಸ್ತುವಿಗೆ ನೋವೆಲ್ಲಿಂದ ಬಂತು?" ಎಂದೆ. ಎಲ್ಲರೂ ನಕ್ಕರು. ಅವನು ಅತ್ತ ಹೋಗಿ ಬೇವಿನ ಮರದ ಕೆಳಗೆ ನಿಂತ. ಆ ವರ್ಷ ಕವಾಯತಿಗೆ ಅವನನ್ನು ಸೇರಿಸಿಕೊಳ್ಳಲಿಲ್ಲ. ಅವನ ಕಾಲನ್ನು ಒಮ್ಮೆ ಬಗ್ಗಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಇನ್ನು 2019ಕ್ಕೆ ಬರುತ್ತೇನೆ. ಬೆಳಗಿನ ವಾಯುವಿಹಾರಕ್ಕೆಂದು ಹೊಸ ಬೂಟು ಕೊಂಡಿದ್ದೆ. ಮುಂಭಾಗ ತುಸು ಬಿಗಿಯಾಗಿತ್ತು. ಹಾಕಿಕೊಂಡರೆ ಸಡಿಲವಾಗುತ್ತದೆಂದು ಸುಮ್ಮನಾದೆ. ಕೆಲವು ದಿನಗಳಲ್ಲಿ ಬಲಗಾಲಿನ ಹೆಬ್ಬೆರಳಿನ ಒಂದು ಅಂಚು ಕೆಂಪಾಗಿ ಊದಿತು. ಉಗುರಿನ ಮೂಲೆ ಚುಚ್ಚುತ್ತಿದೆಯೆಂದು ನೇಲ್ ಕಟರಿನಿಂದ ಆ ಮೂಲೆಯನ್ನು ಆಳದವರೆಗೆ ಕತ್ತರಿಸಿ ತೆಗೆದೆ. ಆಹಾ, ಎಂತಹ ಸುಖ! ಆದರೆ ಆ ಸುಖ ಉಳಿದದ್ದು ಎಂಟೇ ದಿನ. ನೋವು ಮೊದಲಿಗಿಂತ ಹೆಚ್ಚಾಗಿ ಮರಳಿತು, ಮತ್ತೆ ಕತ್ತರಿಸಿದೆ. ನಮ್ಮ ಮನೆಯಲ್ಲಿ ಹಿಂದೆ ಕೈಬೆರಳಿಗೆ ಉಗುರುಸುತ್ತಾದರೆ ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಟೋಪಿಯಂತೆ ಸಿಕ್ಕಿಸುತ್ತಿದ್ದರು. ಅದನ್ನು ನೆನೆದು ಅರಿಶಿನವನ್ನೂ ಹಚ್ಚಿದೆ, ಅಂಗಡಿಯಿಂದ ಗುಳಿಗೆಯನ್ನೂ ತಂದು ನುಂಗಿದೆ. ಮುಳ್ಳು ಒಳಗೇ ಇರುವಾಗ ಮದ್ದು ಏನು ಮಾಡೀತು? ಮೂರನೆಯ ವಾರಕ್ಕೆ ಕೀವು ಕಾಣಿಸಿಕೊಂಡಿತು. ಆಶ್ಚರ್ಯವೆಂದರೆ, ಹುಣ್ಣು ಹೆಚ್ಚುತ್ತಿದ್ದಂತೆ ನೋವು ಅಷ್ಟಾಗಿ ತಿಳಿಯುತ್ತಿರಲಿಲ್ಲ. ಅದನ್ನೇ ಶುಭಸೂಚನೆಯೆಂದು ಭಾವಿಸಿದೆ. ಹನ್ನೆರಡು ವರ್ಷಗಳಿಂದ ನನಗೆ ಸಕ್ಕರೆ ಕಾಯಿಲೆಯಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು.

ಶಸ್ತ್ರವೈದ್ಯರು ಬೆರಳನ್ನು ನೋಡುವ ಮೊದಲು ಪಾದವನ್ನು ಪರೀಕ್ಷಿಸಿದರು. ಪಾದದ ಮೇಲ್ಭಾಗದಲ್ಲಿ ನಾಡಿಯನ್ನು ಹುಡುಕಿ ಹಿಡಿದರು. ಆಮೇಲೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಮೀನಿನ ಗಾಳದ ದಾರದಂತಹ ಸಣ್ಣ ನೈಲಾನ್ ಎಳೆಯನ್ನು ಅಂಗಾಲಿನ ಅಲ್ಲಲ್ಲಿ ಒತ್ತಿ, "ತಿಳಿದಾಗ ಹೇಳಿ ಮೇಷ್ಟ್ರೇ" ಎಂದರು. ಎರಡು ಕಡೆ ನನಗೆ ತಿಳಿಯಲೇ ಇಲ್ಲ. "ನೋವು ಕಡಿಮೆಯಾದದ್ದು ಗುಣವಾಗಿ ಅಲ್ಲ, ನರಗಳು ಮಂದವಾಗಿರುವುದರಿಂದ. ಇನ್ನೂ ತಡ ಮಾಡಿದ್ದರೆ ಸೋಂಕು ಮೂಳೆಗೂ ಇಳಿಯಬಹುದಾಗಿತ್ತು. ಬೆರಳು ಕಳೆದುಕೊಳ್ಳುವವರ ಕಥೆ ಎಷ್ಟೋ ಸಲ ಇಷ್ಟು ಸಣ್ಣದರಿಂದಲೇ ಶುರುವಾಗುತ್ತದೆ" ಎಂದರು. ಅಂದು ಮೊದಲ ಬಾರಿಗೆ ನನಗೆ ಭಯವಾಯಿತು.

ಈ ವ್ಯಾಧಿಗೆ ವೈದ್ಯಶಾಸ್ತ್ರದಲ್ಲಿ 'ಓನಿಕೋಕ್ರಿಪ್ಟೋಸಿಸ್' ಎಂಬ ಗ್ರೀಕ್ ಮೂಲದ ಹೆಸರಿದೆ. ಅಡಗಿದ ಉಗುರು ಎಂದು ಅರ್ಥ. ಉಗುರು ಬೆಳೆಯುವುದು ತುದಿಯಲ್ಲಲ್ಲ, ಚರ್ಮದ ಅಡಿಯಲ್ಲಿರುವ ಬುಡದಲ್ಲಿ. ನಾವು ಮೂಲೆಯನ್ನು ದುಂಡಗೆ, ಗಿಡ್ಡಗೆ ಕತ್ತರಿಸಿದಾಗ ಆ ಜಾಗವನ್ನು ಪಕ್ಕದ ಮಾಂಸ ಬಂದು ಆಕ್ರಮಿಸುತ್ತದೆ. ಕತ್ತರಿಗೆ ಸಿಗದೆ ಒಳಗೆ ಉಳಿದ ಚೂಪು ತುಣುಕು, ಉಗುರು ಮುಂದೆ ಸರಿದಂತೆಲ್ಲ ಆ ಮಾಂಸದೊಳಕ್ಕೆ ಮೊಳೆಯಂತೆ ನುಗ್ಗುತ್ತದೆ. ದೇಹ ಅದನ್ನು ಹೊರಗಿನಿಂದ ಬಂದ ಮುಳ್ಳೆಂದೇ ಬಗೆದು ಊದಿಕೊಳ್ಳುತ್ತದೆ, ಕೀವುಗಟ್ಟುತ್ತದೆ, ಕೆಂಪು ಮಾಂಸವನ್ನು ಬೆಳೆಸುತ್ತದೆ. ಬಿಗಿಯಾದ ಬೂಟು, ಬೆವರುವ ಕಾಲು, ಬೆರಳಿಗೆ ಬಿದ್ದ ಪೆಟ್ಟು, ಹುಟ್ಟಿನಿಂದಲೇ ಬಾಗಿದ ಉಗುರು ಇವೆಲ್ಲವೂ ಅದಕ್ಕೆ ನೆರವಾಗುತ್ತವೆ. ಹದಿಹರೆಯದವರಲ್ಲಿ ಇದು ಬಹಳ ಸಾಮಾನ್ಯ ಎಂದೂ ವೈದ್ಯರು ಹೇಳಿದರು. ಆ ಮಾತು ಕಿವಿಗೆ ಬಿದ್ದೊಡನೆ ಬೇವಿನ ಮರದ ಕೆಳಗೆ ನಿಂತ ಹುಡುಗ ಕಣ್ಣ ಮುಂದೆ ಬಂದ. ಉಗುರು ನಿರ್ಜೀವವೇ, ಆದರೆ ಅದು ಚುಚ್ಚುತ್ತಿದ್ದದ್ದು ಜೀವವಿರುವ ಬೆರಳನ್ನು. ವಿಜ್ಞಾನದ ಮೇಷ್ಟರಿಗೆ ಇಷ್ಟು ತಿಳಿಯಲಿಲ್ಲ.

ಸಕ್ಕರೆಯನ್ನು ಹತೋಟಿಗೆ ತಂದು ಚಿಕಿತ್ಸೆ ಮಾಡಿದರು. ಬೆರಳಿನ ಬುಡದಲ್ಲಿ ಎರಡೂ ಪಕ್ಕಕ್ಕೆ ಚುಚ್ಚುಮದ್ದು ಕೊಟ್ಟು ಮರಗಟ್ಟಿಸಿದರು. ಇಡೀ ಉಗುರನ್ನು ಕೀಳಲಿಲ್ಲ. ಒಳಹೊಕ್ಕ ಅಂಚನ್ನು ಮಾತ್ರ ಬುಡದವರೆಗೆ ಸೀಳಿ ಎಳೆದರು. ಆ ಅಂಚು ಮತ್ತೆ ಬೆಳೆಯದಿರಲೆಂದು ಬುಡಕ್ಕೆ ಫೀನಾಲ್ ತಾಗಿಸಿದರು. ಫೀನಾಲ್ ಎಂದರೆ ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿದ್ದ ಕಾರ್ಬಾಲಿಕ್ ಆಮ್ಲವೇ! ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ 1865ರಲ್ಲಿ ಗಾಯ ಕೊಳೆಯದಂತೆ ಬಳಸಿದ್ದು ಇದನ್ನೇ ಎಂದು ನಾನೇ ಪಾಠ ಮಾಡುತ್ತಿದ್ದೆ. ಕೆಲವು ವಾರ ಗಾಯ ಒಸರಿತು, ಪಟ್ಟಿ ಬದಲಾಯಿಸಿದೆವು, ಮಾಯಿತು. ಬೆರಳು ಉಳಿಯಿತು.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎನ್ನುತ್ತದೆ ನಮ್ಮ ಗಾದೆ. ಈ ಕಾಯಿಲೆಗೆ ಅದು ಅಕ್ಷರಶಃ ಸಲ್ಲುತ್ತದೆ. ಆದ್ದರಿಂದ ಮೇಷ್ಟರ ಹಳೆಯ ಚಾಳಿಯಂತೆ ನಾಲ್ಕು ಮಾತು ಹೇಳಿಬಿಡುತ್ತೇನೆ. ಕಾಲಿನ ಉಗುರನ್ನು ಸ್ನಾನವಾದ ಮೇಲೆ, ಮೆತ್ತಗಿರುವಾಗ, ನೇರವಾಗಿ ಕತ್ತರಿಸಿ. ಮೂಲೆಗಳನ್ನು ಬಿಡಿ, ಕೈಯಿಂದ ಹರಿಯಬೇಡಿ. ಉಗುರಿನ ನಡುವೆ ಕಚ್ಚು ಮಾಡಿದರೆ ಅಂಚುಗಳು ಒಳಗೆ ಸರಿಯುತ್ತವೆಂಬ ನಂಬಿಕೆಯಲ್ಲಿ ಹುರುಳಿಲ್ಲ. ಬೂಟನ್ನು ಸಂಜೆ, ಪಾದ ತುಸು ಊದಿರುವ ಹೊತ್ತಿನಲ್ಲಿ, ಎರಡೂ ಕಾಲಿಗೆ ಹಾಕಿ ನೋಡಿ ಕೊಳ್ಳಿ. ಆರಂಭದ ನೋವಾದರೆ ದಿನಕ್ಕೆ ಎರಡು ಮೂರು ಬಾರಿ 15-20 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು, ಚೆನ್ನಾಗಿ ಒರೆಸಿ, ಮೂಲೆಯ ಅಡಿಗೆ ಶುಭ್ರವಾದ ಹತ್ತಿಯ ಎಳೆಯೊಂದನ್ನು ನಯವಾಗಿ ತೂರಿಸಿ, ಪ್ರತಿದಿನ ಬದಲಿಸಿ. ತೆರೆದ ಚಪ್ಪಲಿ ಧರಿಸಿ. ಕೀವು ಕಂಡರೆ, ಕೆಂಪು ಹರಡಿದರೆ, ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಿ. ಸಕ್ಕರೆ ಕಾಯಿಲೆಯವರು, ಕಾಲಿನ ರಕ್ತಸಂಚಾರ ಕುಂದಿದವರು ಮನೆಯಲ್ಲಿ ಏನನ್ನೂ ಮಾಡದೆ ಮೊದಲ ದಿನವೇ ತೋರಿಸಿ. ಮಂದವಾದ ಕಾಲಿಗೆ ನೀರಿನ ಬಿಸಿಯೂ ತಿಳಿಯದೆ ಬೊಬ್ಬೆ ಏಳಬಹುದು. ದಿನಕ್ಕೊಮ್ಮೆ ಪಾದವನ್ನು ನೋಡಿಕೊಳ್ಳಿ. ಬಗ್ಗಲಾಗದ ಹಿರಿಯರಿದ್ದರೆ, ಮಕ್ಕಳೇ, ಅವರ ಪಾದವನ್ನು ನೀವು ನೋಡಿ.

ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಸಹಪಾಠಿಗಳಲ್ಲಿ ಕೆಲವರು ಇದನ್ನು ಓದುತ್ತೀರೆಂದು ಬಲ್ಲೆ. ಅಂದು ನಕ್ಕದ್ದರಲ್ಲಿ ನಿಮ್ಮ ತಪ್ಪಿಲ್ಲ, ನಗಿಸಿದವನು ನಾನು. ಅವನ ಸಂಪರ್ಕ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಮೇಷ್ಟರು ಕ್ಷಮೆ ಕೇಳಿದರೆಂದು ತಿಳಿಸಿ. ಪಾಠವನ್ನು ನಾನು ಪುಸ್ತಕದಿಂದ ಹೇಳಿದ್ದೆ, ಅವನು ತನ್ನ ಬೆರಳಿನಿಂದ ಹೇಳಿದ್ದ. ಅಂದಿನ ಎರಡು ಅಂಕ ಅವನಿಗೇ ಸಲ್ಲಬೇಕಾಗಿತ್ತು.