ಬತ್ತೈತೆ ಅಂದ್ರೆ ಯಾವಾಗ?

2025ರ ಮೇ 2ನೇ ತಾರೀಖು ನಮ್ಮ ಮನೇಲಿ ಎರಡು ರಿಸಲ್ಟ್ ಬಂದವು. ಕಾರ್ಮಿಕರ ದಿನದ ರಜೆಗೆ ಒಂದು ದಿನ ಸೇರಿಸಿಕೊಂಡು ನಾನು ಊರಿಗೆ ಹೋಗಿದ್ದೆ. ಬೆಳಗ್ಗೆ ತಮ್ಮನ ಎಸ್ಸೆಸ್ಸೆಲ್ಸಿ ರಿಸಲ್ಟ್. ಗಣಿತದಲ್ಲಿ ಡುಮ್ಕಿ ಅಂತ ಅವನೇ ವಾರದಿಂದ ಹೇಳ್ಕೊಂಡು ಓಡಾಡ್ತಿದ್ದ, ಆದ್ರೆ ಒಳ್ಳೆ ಮಾರ್ಕ್ಸ್ ತಗೊಂಡು ಪಾಸಾದ. ಅಮ್ಮ ಶಾವಿಗೆ ಪಾಯಸ ಮಾಡಿದ್ರು. ಸಂಜೆ ಹೊತ್ತಿಗೆ ಎರಡನೇ ರಿಸಲ್ಟ್. ಜಿಟಿಎ 6 ಈ ವರ್ಷ ಬರಲ್ಲ, 2026ರ ಮೇ 26ಕ್ಕೆ ಬರುತ್ತೆ ಅಂತ ರಾಕ್‌ಸ್ಟಾರ್ ಕಂಪನಿಯವರು ಒಂದು ಪುಟ್ಟ ಪ್ರಕಟಣೆ ಬಿಟ್ರು. ತಮ್ಮ ಫೋನ್ ನೋಡಿ, ಪಾಯಸದ ಲೋಟ ಕೆಳಗಿಟ್ಟು, "ಅಣ್ಣ, ನೀನು 2025 ಅಂದಿದ್ದೆ" ಅಂದ.

ನಾನು ಅಂದಿದ್ದೆ ಅಂತೆ! ಅಮೆರಿಕದ ಕಂಪನಿ ಅಂದಿದ್ದು ಅಂತ ಹೇಳೋಕೆ ಬಾಯಿ ತೆರೆದೆ. ಆದ್ರೆ ಆದಿವಾಲದಲ್ಲಿ ಆ ಕಂಪನಿಯ ವಕ್ತಾರ ಆಗಿದ್ದವನು ನಾನೇ ಅಲ್ವಾ.

ಕತೆ ಶುರುವಾಗಿದ್ದು ನಾನು ಫಸ್ಟ್ ಸೆಮ್‌ನಲ್ಲಿ ಇದ್ದಾಗ. 2023ರ ಡಿಸೆಂಬರ್ 5ರ ಬೆಳಗ್ಗೆ ಹಾಸ್ಟೆಲ್‌ನಲ್ಲಿ ಎದ್ದರೆ ಎಲ್ಲರ ಫೋನ್‌ನಲ್ಲೂ ಅದೇ ಟ್ರೇಲರ್. ಕೊನೇಲಿ "2025" ಅಂತ ಇತ್ತು. ಆವತ್ತೇ ತಮ್ಮನಿಗೆ ಫೋನ್ ಮಾಡಿ, "ಎರಡು ವರ್ಷ ಐತೆ, ಅಷ್ಟರಲ್ಲಿ ಇಬ್ಬರೂ ಸೇರಿ ಪಿಎಸ್ 5 ತಗೊಳ್ಳೋಣ" ಅಂದೆ. ಅವನು ಆಗ ಒಂಬತ್ತನೇ ಕ್ಲಾಸು. ಹಾರ್ಲಿಕ್ಸ್ ಡಬ್ಬಿಯೊಂದಕ್ಕೆ ಮುಚ್ಚಳದಲ್ಲಿ ತೂತು ಕೊರೆದು ಹುಂಡಿ ಮಾಡ್ದ. ಭಾನುವಾರ ಪಕ್ಕದ ತೋಟಗಳಲ್ಲಿ ಕಾಯಿ ಸುಲಿಯೋಕೆ ಹೋಗ್ತಿದ್ದ. ನಾನು ಇಲ್ಲಿ ಇನ್ನೊಬ್ಬರ ಲ್ಯಾಬ್ ರೆಕಾರ್ಡ್ ಬರೆದು ಕೊಟ್ಟು ದುಡ್ಡು ಇಸ್ಕೊಳ್ತಿದ್ದೆ (ಎಚ್‌ಓಡಿ ಸರ್, ದಯವಿಟ್ಟು ಈ ವಾಕ್ಯ ಓದಬೇಡಿ). ಪಿಎಸ್ 5 ನಮ್ಮ ದೇಶಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ ಡಿಸ್ಕ್ ಇರೋ ಮಾಡೆಲ್‌ಗೆ 49,990 ರೂಪಾಯಿ, ನಾವು ಕೂಡಿಡೋಕೆ ಶುರು ಮಾಡೋ ಹೊತ್ತಿಗೆ 54,990. ಸಾಮಾನ್ಯವಾಗಿ ಎಲೆಕ್ಟ್ರಾನಿಕ್ಸ್ ಸಾಮಾನು ಹಳೇದಾದಂಗೆ ಬೆಲೆ ಇಳಿಯುತ್ತೆ ಅಂತ ನಾವು ಓದ್ಕೊಂಡಿದ್ದೀವಿ, ಇದು ಉಲ್ಟಾ. ಆ ಮೇ 2ಕ್ಕೆ ಡಬ್ಬಿಯಲ್ಲಿ ಇದ್ದದ್ದು 31,400.

ಅದಾದ ಮೂರೇ ವಾರಕ್ಕೆ ನಮ್ಮ ಬೋರ್‌ವೆಲ್ ಮೋಟಾರ್ ಸುಟ್ಟೋಯ್ತು. ಮೋಟಾರ್ ಎತ್ತಿಸಬೇಕು, ಕಾಯಿಲ್ ಕಟ್ಟಿಸಬೇಕು, ಕೇಬಲ್ಲೂ ಹೋಗಿತ್ತು. ಅಪ್ಪ ಕೈಸಾಲ ಕೇಳೋಕೆ ಹೊರಟಿದ್ದಾಗ ತಮ್ಮ ಡಬ್ಬಿ ತಂದು ಮುಂದೆ ಇಟ್ಟನಂತೆ. "ಹೆಂಗೂ ಮುಂದಕ್ಕೋಯ್ತಲ್ಲ" ಅಂದನಂತೆ. ಇದನ್ನ ನನಗೆ ಅಮ್ಮ ಫೋನಲ್ಲಿ ಹೇಳಿದ್ದು. ನನ್ನ ಪಾಲಿನ ದುಡ್ಡೂ ಅದರಲ್ಲಿತ್ತು, ಆದ್ರೆ ಒಂದು ಮಾತೂ ಆಡಲಿಲ್ಲ. ನಾಚಿಕೆ ಆಯ್ತು ಅಷ್ಟೆ.

ಅಲ್ಲಿಂದ ಈ ಪ್ರಶ್ನೆ ನನ್ನ ತಲೇಲಿ ಕೂತಿದೆ. ಒಂದು ಗೇಮ್ ಬರುತ್ತೆ ಅಂತ ಕಂಪನಿಯವರು ಎಷ್ಟು ಮುಂಚೆ ಹೇಳಬೇಕು?

ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಮಾರೋದು ಪೆಟ್ಟಿಗೆ, ಆದ್ರೆ ನಾವು ಕೊಳ್ಳೋದು ಆ ಪೆಟ್ಟಿಗೆಯಲ್ಲಿ ಮುಂದೆ ಏನು ಆಡಬಹುದು ಅನ್ನೋ ಆಸೆಯನ್ನ. ಅದಕ್ಕೇ ಅವರಿಗೆ ಬೇಗ ಹೇಳೋ ಚಪಲ. 2017ರ ಜೂನ್‌ನಲ್ಲಿ ನಿಂಟೆಂಡೊದವರು ಮೆಟ್ರಾಯ್ಡ್ ಪ್ರೈಮ್ 4 ಅಂತ ಬರೀ ಒಂದು ಲೋಗೋ ತೋರಿಸಿದ್ರು. ಸ್ವಿಚ್ ಮಾರುಕಟ್ಟೆಗೆ ಬಂದು ಮೂರು ತಿಂಗಳಾಗಿತ್ತು, ಕೊಳ್ಳೋರಿಗೆ ಒಂದು ಕಾರಣ ಬೇಕಿತ್ತು. 2019ರ ಜನವರಿಯಲ್ಲಿ ಅವರೇ ಒಂದು ವಿಡಿಯೋ ಮಾಡಿ, ನಾವು ಅಂದ್ಕೊಂಡ ಮಟ್ಟಕ್ಕೆ ಬರ್ತಿಲ್ಲ, ಬೇರೆ ಸ್ಟುಡಿಯೋ ಜೊತೆ ಮೊದಲಿಂದ ಶುರು ಮಾಡ್ತೀವಿ ಅಂದ್ರು. ಗೇಮ್ ಕೈಗೆ ಬಂದದ್ದು 2025ರ ಡಿಸೆಂಬರ್ 4ಕ್ಕೆ. ಆ ಹೊತ್ತಿಗೆ ಸ್ವಿಚ್ 2 ಬಂದು ಆರು ತಿಂಗಳು. ಲೋಗೋ ನೋಡಿ ಪೆಟ್ಟಿಗೆ ತಗೊಂಡವನು ಎಂಟೂವರೆ ವರ್ಷ ಕಾದ.

ಎಲ್ಡರ್ ಸ್ಕ್ರೋಲ್ಸ್ 6 ಇನ್ನೊಂದು. 2018ರ ಜೂನ್‌ನಲ್ಲಿ ಬೆಟ್ಟದ ಮೇಲೆ ಕ್ಯಾಮೆರಾ ಹಾರಿಸಿ ಹೆಸರು ತೋರಿಸಿದ್ರು, ಒಂದು ನಿಮಿಷವೂ ಇರಲಿಲ್ಲ. ನಾನಾಗ ಎಂಟನೇ ಕ್ಲಾಸು. ಈಗ ಪ್ಲೇಸ್‌ಮೆಂಟ್ ತರಬೇತಿಗೆ ಹೋಗ್ತಿದ್ದೀನಿ, ಗೇಮ್ ಇನ್ನೂ ಬೆಟ್ಟದ ಮೇಲೇ ಇದೆ. ಮೈಕ್ರೋಸಾಫ್ಟ್ 2020ರ ಡಿಸೆಂಬರ್‌ನಲ್ಲಿ ತೋರಿಸಿದ ಪರ್ಫೆಕ್ಟ್ ಡಾರ್ಕ್ ಅಂತೂ 2025ರ ಜುಲೈನಲ್ಲಿ ರದ್ದೇ ಆಯ್ತು, ಮಾಡ್ತಿದ್ದ ಸ್ಟುಡಿಯೋನೂ ಮುಚ್ಚಿದ್ರು. ನೆನಪಿಡಿ, ಇವೆಲ್ಲ ದುಡ್ಡಿಲ್ಲದ ಸಣ್ಣಪುಟ್ಟ ಕಂಪನಿಗಳಲ್ಲ.

ನಮ್ಮ ಊರಿನೋರಿಗೆ ಈ ಕಾಯೋ ವಿದ್ಯೆ ಹೇಳಿಕೊಡಬೇಕಾಗಿಲ್ಲ. ಆದಿವಾಲ ಹಿರಿಯೂರಿನ ಪಕ್ಕ, ಹೆದ್ದಾರಿಯ ಮೇಲೆ ಬರುತ್ತೆ. ತೆಂಗು, ಅಡಿಕೆ, ಎಲ್ಲದಕ್ಕೂ ಕಣ್ಣು ವಾಣಿವಿಲಾಸ ಸಾಗರದ ಕಡೆ. ಮಾರಿಕಣಿವೆ ಖಾಲಿ ಆದ ಬರದ ವರ್ಷಗಳಲ್ಲಿ ತೆಂಗಿನ ಮರಗಳ ಸುಳಿ ಬಾಗಿ ಬಿದ್ದಿದ್ದು ನಾನೇ ನೋಡಿದ್ದೀನಿ. ಅಪ್ಪ ಟ್ಯಾಂಕರ್‌ನಲ್ಲಿ ನೀರು ಹೊಡೆಸಿ ಅರ್ಧ ತೋಟ ಉಳಿಸಿಕೊಂಡ್ರು, ಯಾಕಂದ್ರೆ "ಭದ್ರಾ ಮೇಲ್ದಂಡೆ ಬತ್ತೈತೆ" ಅಂತ ಎಲ್ಲರೂ ಹೇಳ್ತಿದ್ರು. ಬತ್ತೈತೆ ಅಂದ್ರೆ ಯಾವಾಗ ಅಂತ ಯಾರಿಗೂ ಗೊತ್ತಿರಲಿಲ್ಲ. 2023ರ ಫೆಬ್ರವರಿಯ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ 5,300 ಕೋಟಿ ಅಂತ ಘೋಷಣೆ ಆದಾಗ ಟಿವಿ ಮುಂದೆ ಕೂತಿದ್ದ ಅಪ್ಪ ಏನೂ ಅನ್ನಲಿಲ್ಲ. ಎದ್ದು ಹೋಗಿ ಸ್ಟಾರ್ಟರ್ ಹಾಕಿ ಬಂದ್ರು. ಆ ಹಣ ಬಂದಿಲ್ಲ ಅಂತ ರಾಜ್ಯ ಸರ್ಕಾರ ಎರಡು ವರ್ಷ ಆದ್ಮೇಲೂ ಹೇಳ್ತಾನೇ ಇತ್ತು.

ಹಂಗಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕೋಕಾಗಲ್ಲ. ಕಾಲುವೆಯನ್ನ ಬೇಗ ಹೇಳಲೇಬೇಕು. ಯಾರ ಜಮೀನು ಹೋಗುತ್ತೆ, ಯಾವ ಕೆರೆ ತುಂಬುತ್ತೆ, ಯಾರಿಗೆ ಎಷ್ಟು ಪರಿಹಾರ ಅಂತ ಜನ ಕೇಳಬೇಕು, ಜಗಳ ಆಡಬೇಕು. ಗುಟ್ಟಾಗಿ ಕಾಲುವೆ ತೋಡೋಕಾಗುತ್ತಾ? ಗೇಮ್‌ಗೆ ಆ ಅಗತ್ಯ ಏನೂ ಇಲ್ಲ. ನನ್ನನ್ನ ಕೇಳಿ ಯಾರೂ ಗೇಮ್ ಮಾಡಲ್ಲ. ಮೂರು ವರ್ಷ ಮೊದಲೇ ಗೊತ್ತಾಗಿ ನಾನು ಮಾಡಬಹುದಾದ್ದು ಒಂದೇ ಕೆಲಸ, ಕಾಯೋದು.

ಇಷ್ಟು ಬೈದ ಮೇಲೆ ನನ್ನದೂ ಒಂದು ಹೇಳಿಬಿಡಬೇಕು. ಮೂರನೇ ಸೆಮ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಗೇಮ್ ಶುರು ಮಾಡಿದ್ವಿ. ಹೆಸರು "ಓಬವ್ವನ ಕಿಂಡಿ". ಚಿತ್ರದುರ್ಗದ ಕೋಟೆ, ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳಿ ಬರೋ ಹೈದರಾಲಿಯ ಸೈನಿಕರು, ಕೈಯಲ್ಲಿ ಒನಕೆ. ಐಡಿಯಾ ಚೆನ್ನಾಗೇ ಇತ್ತು, ಈಗಲೂ ಇದೆ. ಕೋಡ್ ಬರೆಯೋಕೆ ಮೊದಲೇ ಫೆಸ್ಟ್‌ನಲ್ಲಿ ಪೋಸ್ಟರ್ ಅಂಟಿಸಿದ್ವಿ: "ಶೀಘ್ರದಲ್ಲೇ ನಿಮ್ಮ ಮುಂದೆ". ಯಾಕೆ ಅಂಟಿಸಿದ್ವಿ? ಚಿತ್ರ ಬಿಡಿಸೋರು ಒಬ್ಬರು ಬೇಕಿತ್ತು, ಪೋಸ್ಟರ್ ನೋಡಿ ಯಾರಾದ್ರೂ ಬರ್ಲಿ ಅಂತ. ಬಂದ್ರು ಕೂಡ. ದೊಡ್ಡ ಸ್ಟುಡಿಯೋಗಳು ಬೇಗ ಬಾಯಿಬಿಡೋಕೆ ಇದೂ ಒಂದು ಕಾರಣ, ಗೇಮ್‌ನ ಹೆಸರಿಲ್ಲದೆ ಒಳ್ಳೆ ಕೆಲಸಗಾರರನ್ನ ಕರೆಯೋದು ಕಷ್ಟ. ಇನ್ನೊಂದು ಕಾರಣನೂ ಇತ್ತು, ಎಲ್ಲರಿಗೂ ಹೇಳಿಬಿಟ್ರೆ ನಾವು ಮಾಡಲೇಬೇಕಾಗುತ್ತೆ ಅಂತ ನಮಗೆ ನಾವೇ ಹಗ್ಗ ಹಾಕ್ಕೊಂಡಿದ್ದು.

ಹಗ್ಗ ಕುತ್ತಿಗೆಗೇ ಬಿತ್ತು. ಪೋಸ್ಟರ್ ನೋಡಿದೋರು ವಿಡಿಯೋ ಕೇಳಿದ್ರು. ಸರಿ, ಒಂದು ನಿಮಿಷದ ಟ್ರೇಲರ್‌ಗೆ ಮೂರು ವಾರ ಕೂತ್ವಿ. ಒನಕೆ ಬೀಸೋ ಅನಿಮೇಶನ್ ಒಂದೇ ಕೋನದಿಂದ ಮಾತ್ರ ಸರಿಯಾಗಿ ಕಾಣೋದು, ಕ್ಯಾಮೆರಾ ಸ್ವಲ್ಪ ತಿರುಗಿದ್ರೆ ಓಬವ್ವನ ಕೈ ಗೋಡೆ ಒಳಗೆ ಹೋಗೋದು. ಸೈನಿಕನಿಗೆ ಒನಕೆ ತಗುಲಿತು ಅನ್ನೋದನ್ನ ಲೆಕ್ಕ ಹಾಕೋ ಕೋಡೇ ಇರಲಿಲ್ಲ, ಟೈಮರ್ ಇಟ್ಟು ಬೀಳಿಸಿದ್ವಿ. ಟ್ರೇಲರ್ ಮುಗಿದ ಮೇಲೆ ಅದರಲ್ಲಿ ಒಂದು ಸಾಲು ಕೋಡೂ ಗೇಮ್‌ಗೆ ಬಳಸೋಕಾಗಲಿಲ್ಲ. ಮೂರು ವಾರ ಮಾಡಿದ್ದು ಗೇಮ್ ಅಲ್ಲ, ಗೇಮ್ ಇದೆ ಅನ್ನೋ ಸುಳ್ಳು. ಐದನೇ ಸೆಮ್‌ನಲ್ಲಿ ಜೂನಿಯರ್ ಒಬ್ಬಳು ಬಂದು, "ಅಣ್ಣ, ಓಬವ್ವ ಯಾವಾಗ ಬರೋದು?" ಅಂತ ಕೇಳಿದಾಗ, ನಾನು ಹೇಳಿದ್ದು ಏನು ಗೊತ್ತಾ? "ಬರುತ್ತೆ." ಆ ಪೋಸ್ಟರ್ ಇನ್ನೂ ಕ್ಯಾಂಟೀನ್ ಹಿಂದಿನ ಗೋಡೆ ಮೇಲಿದೆ, ಮಳೆಗೆ "ಶೀಘ್ರ" ಅಳಿಸಿಹೋಗಿ "ದಲ್ಲೇ ನಿಮ್ಮ ಮುಂದೆ" ಅಷ್ಟೇ ಉಳಿದಿದೆ.

ಆದ್ದರಿಂದ ರಾಕ್‌ಸ್ಟಾರ್‌ನವರ ಕಷ್ಟ ನನಗೆ ಸ್ವಲ್ಪವಾದ್ರೂ ಅರ್ಥ ಆಗುತ್ತೆ. ಅವರ ಒಂದು ಸ್ಟುಡಿಯೋ ನಮ್ಮ ಬೆಂಗಳೂರಲ್ಲೇ ಇದೆ. 1997ರಲ್ಲಿ ಬೆಂಗಳೂರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಅನ್ನು 2019ರಲ್ಲಿ ಕೊಂಡು ಅದರೊಳಗೆ ಸೇರಿಸಿಕೊಂಡ್ರು. ಅಂದ್ರೆ ಟ್ರೇಲರ್‌ನಲ್ಲಿ ಒಂದು ವರ್ಷದ ಹೆಸರು ಬಂತು ಅಂದ್ರೆ ಅದು ಕನ್ನಡ ಮಾತಾಡೋ ಯಾರದೋ ಮೇಜಿಗೂ ಡೆಡ್‌ಲೈನ್ ಆಗಿ ಬರುತ್ತೆ. 2022ರ ಸೆಪ್ಟೆಂಬರ್‌ನಲ್ಲಿ ಅರ್ಧಂಬರ್ಧ ಮಾಡಿದ ಗೇಮ್‌ನ ವಿಡಿಯೋಗಳು ಸೋರಿಹೋಗಿ ಊರೆಲ್ಲಾ ನೋಡಿತ್ತು, ಇನ್ನು ಗುಟ್ಟು ಮಾಡಿ ಪ್ರಯೋಜನ ಇರಲಿಲ್ಲ. ಶೇರು ಮಾರುಕಟ್ಟೆಯಲ್ಲಿ ಇರೋ ಕಂಪನಿ, ಮುಂದಿನ ವರ್ಷದ ಆದಾಯ ಎಷ್ಟು ಅಂತ ಹೂಡಿಕೆದಾರರಿಗೂ ಹೇಳಬೇಕು. ಆದ್ರೆ ಹೂಡಿಕೆದಾರನಿಗೆ ಹೇಳೋ ಅಂದಾಜನ್ನ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಹಾಡು ಹಾಕಿ ತೋರಿಸಬೇಕಾ?

ತಾರೀಖು ಬಾಯಿಂದ ಬಿದ್ದ ಮೇಲೆ ಅದನ್ನ ಉಳಿಸ್ಕೊಳ್ಳೋಕೆ ಏನು ಮಾಡ್ತಾರೆ ಅನ್ನೋದಕ್ಕೆ ಸೈಬರ್‌ಪಂಕ್ 2077 ಇದೆ. 2012ರಲ್ಲಿ ಹೇಳಿದ್ರು, 2013ರ ಜನವರಿಯ ಟೀಸರ್‌ನಲ್ಲಿ ರೆಡಿ ಆದಾಗ ಬರುತ್ತೆ ಅಂದ್ರು. ಅಲ್ಲಿಗೇ ನಿಲ್ಲಿಸಿದ್ರೆ ಮರ್ಯಾದೆ ಉಳೀತಿತ್ತು. ಆಮೇಲೆ ತಾರೀಖು ಕೊಟ್ರು, ಮತ್ತೆ ಮತ್ತೆ ಮುಂದೂಡಿದ್ರು, 2020ರ ಡಿಸೆಂಬರ್ 10ಕ್ಕೆ ಬಿಟ್ರು. ಹಳೇ ಪಿಎಸ್ 4ನಲ್ಲಿ ಎಷ್ಟು ಕೆಟ್ಟದಾಗಿ ಓಡ್ತಿತ್ತು ಅಂದ್ರೆ ವಾರದಲ್ಲಿ ಸೋನಿ ತನ್ನ ಅಂಗಡಿಯಿಂದಲೇ ತೆಗೆದುಹಾಕಿ ದುಡ್ಡು ವಾಪಸ್ ಕೊಡ್ತು.

ಹಾಗಾದ್ರೆ ಏನೂ ಹೇಳದೆ ಒಂದು ದಿನ ದಿಢೀರ್ ಅಂತ ಬಿಟ್ಟುಬಿಡೋದಾ? 2023ರ ಜನವರಿ 25ಕ್ಕೆ ಮೈಕ್ರೋಸಾಫ್ಟ್ ಹೈ-ಫೈ ರಶ್ ಅನ್ನೋ ಗೇಮನ್ನ ತೋರಿಸಿದ ದಿನವೇ ಬಿಡ್ತು. ಎಲ್ಲರೂ ಹೊಗಳಿದ್ರು. ಮುಂದಿನ ವರ್ಷ ಮೇ ತಿಂಗಳಲ್ಲಿ ಅದನ್ನ ಮಾಡಿದ ಸ್ಟುಡಿಯೋ ಮುಚ್ಚೋದಾಗಿ ಹೇಳಿದ್ರು. ಪುಣ್ಯಕ್ಕೆ ಇನ್ನೊಂದು ಕಂಪನಿ ಅದನ್ನ ಕೈಹಿಡೀತು. ಸಿಲ್ಕ್‌ಸಾಂಗ್‌ನದ್ದು ಎರಡೂ ತಪ್ಪು ಒಟ್ಟಿಗೆ ಅಂತ ನನಗನಿಸುತ್ತೆ. 2019ರ ಫೆಬ್ರವರಿಯಲ್ಲಿ ಹೇಳಿ ಆರೂವರೆ ವರ್ಷ ಕಾಯಿಸಿ, ಕೊನೆಗೆ ಎರಡೇ ವಾರದ ನೋಟಿಸ್ ಕೊಟ್ಟು 2025ರ ಸೆಪ್ಟೆಂಬರ್ 4ಕ್ಕೆ ಬಿಟ್ರು. ಅದರ ಎದುರು ಬೀಳೋಕಾಗದೆ ಎಷ್ಟೋ ಸಣ್ಣ ತಂಡಗಳು ತಮ್ಮ ತಾರೀಖು ಬದಲಾಯಿಸಬೇಕಾಯ್ತು. ಗೇಮ್ ಅದ್ಭುತ, ಅದು ಬೇರೆ ಮಾತು.

ನನಗೆ ಹಿಡಿಸಿದ ಲೆಕ್ಕ ಫಾಲ್‌ಔಟ್ 4ನದು. 2015ರ ಜೂನ್‌ನಲ್ಲಿ ತೋರಿಸಿದ್ರು, ಅದೂ ನಿಜವಾಗಿ ಆಡೋದನ್ನೇ. ನವೆಂಬರ್ 10ಕ್ಕೆ ಅಂಗಡಿಗೆ ಬಂತು. ಐದು ತಿಂಗಳು. ಆಸೆ ಪಡೋಕೆ ಸಾಕು, ದುಡ್ಡು ಜೋಡಿಸೋಕೆ ನಮ್ಮಂಥವರಿಗೆ ಸ್ವಲ್ಪ ಕಮ್ಮಿ. ಒಂದು ವರ್ಷದೊಳಗೆ ಅಂತ ಇಟ್ಕೊಳ್ಳಿ. ಆ ಪೆಟ್ಟಿಗೆಯ ಮೇಲೇ ಯಾರಾದ್ರೂ ಕೂತು ಆಡ್ತಿರೋದನ್ನ ತೋರಿಸೋಕಾದಾಗ ಬಾಯಿಬಿಡಿ. ಅದಕ್ಕೂ ಮುಂಚೆ ಕೆಲಸಗಾರರು ಬೇಕಾ, ಇಂಥ ಸ್ಟುಡಿಯೋ ಒಂದು ದೊಡ್ಡ ಗೇಮ್ ಮಾಡ್ತಿದೆ ಅಂತಷ್ಟೇ ಹೇಳಿ. ಹೆಸರು ಬೇಡ, ವರ್ಷ ಅಂತೂ ಬೇಡವೇ ಬೇಡ. ಕನ್ಸೋಲ್ ವಿಷಯ ಬೇರೆ, ಹೊಸ ಪೆಟ್ಟಿಗೆ ಬರ್ತಿದೆ ಅಂತ ಗೊತ್ತಾದ್ರೆ ಹಳೇದಕ್ಕೆ ದುಡ್ಡು ಸುರಿಯೋದು ತಪ್ಪುತ್ತೆ. ಸ್ವಿಚ್ 2 ಅನ್ನು 2025ರ ಜನವರಿ 16ಕ್ಕೆ ತೋರಿಸಿ ಜೂನ್ 5ಕ್ಕೆ ಮಾರಿದ್ರು. ಅದು ಸರಿಯಾಗೇ ಇತ್ತು.

ನನ್ನ ರೂಮ್‌ಮೇಟ್ ಇದನ್ನ ಒಪ್ಪಲ್ಲ. ಕಾಯೋದರಲ್ಲೇ ಅರ್ಧ ಮಜಾ ಇದೆ ಅಂತಾನೆ. ಟ್ರೇಲರ್‌ನ ಒಂದೊಂದು ಫ್ರೇಮ್ ನಿಲ್ಲಿಸಿ ನೋಡೋದು, ರಾತ್ರಿಯೆಲ್ಲಾ ವಾದ ಮಾಡೋದು, ಅದಕ್ಕೆ ಯಾರೂ ದುಡ್ಡು ಕೇಳಲ್ಲ ಅಂತಾನೆ. ಜೆಲ್ಡಾದ ಬ್ರೆತ್ ಆಫ್ ದಿ ವೈಲ್ಡ್ ಬಗ್ಗೆ 2013ರಲ್ಲೇ ಹೇಳಿ 2017ಕ್ಕೆ ಕೊಟ್ರು, ಯಾರಾದ್ರೂ ಬೈದ್ರಾ ಅಂತ ಕೇಳ್ತಾನೆ. ಉತ್ತರ ಕೊಡೋಕೆ ಕಷ್ಟವೇ. ಆದ್ರೆ ಅವನ ಪಿಎಸ್ 5 ಅವರ ಮನೇಲಿ ಆಗಲೇ ಇದೆ.

ಅಂದ ಹಾಗೆ, ನಮ್ಮೂರ ಕಡೆ ಯಾರೂ ಅನೌನ್ಸ್ ಮಾಡದೆ ಬಂದಿದ್ದು ಒಂದಿದೆ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು, 1933ರ ನಂತರ ಮೊದಲ ಸಲ. ಅಪ್ಪ ಸೆಕೆಂಡ್ ಪಿಯುಸಿ ಕ್ಲಾಸ್ ಬಿಡಿಸಿ ನನ್ನನ್ನೂ ತಮ್ಮನನ್ನೂ ಬೈಕ್‌ನಲ್ಲಿ ಕರ್ಕೊಂಡು ಹೋದ್ರು. ಜಾತ್ರೆಯಂಗೆ ಜನ. ಕೋಡಿ ನೀರು ನೋಡ್ತಾ ಅಪ್ಪ ಅರ್ಧ ಗಂಟೆ ಮಾತೇ ಆಡಲಿಲ್ಲ.

2025ರ ನವೆಂಬರ್‌ನಲ್ಲಿ ಜಿಟಿಎ ಇನ್ನೊಂದು ಸಲ ಮುಂದಕ್ಕೋಯ್ತು. ಈಗ ಹೇಳಿರೋ ದಿನ 2026ರ ನವೆಂಬರ್ 19. ಫಸ್ಟ್ ಸೆಮ್‌ನಲ್ಲಿ ಟ್ರೇಲರ್ ನೋಡಿದವನು ಏಳನೇ ಸೆಮ್‌ಗೆ ಬಂದಿರ್ತೀನಿ. ಆ ಸುದ್ದಿ ಹೇಳೋಕೆ ಫೋನ್ ಮಾಡಿದಾಗ ತಮ್ಮ, "ಗೊತ್ತಾಯ್ತು ಬಿಡಣ್ಣ" ಅಂದ. ಡಬ್ಬಿ ಮತ್ತೆ ಶುರು ಮಾಡಿದ್ಯೇನೋ ಅಂದೆ. ಮಾಡಿದೀನಿ, ಆದ್ರೆ ಯಾವುದಕ್ಕೆ ಅಂತ ಇನ್ನೂ ಹೇಳಲ್ಲ ಅಂದ. ಎಷ್ಟಾಗಿದೆ ಅಂದಿದ್ದಕ್ಕೆ ಅದನ್ನೂ ಹೇಳಲಿಲ್ಲ.

ನಾಳೆ ಸಂಜೆ ಆ ಪೋಸ್ಟರ್ ಕಿತ್ತು ಹಾಕೋಕೆ ಹೋಗ್ತಿದ್ದೀನಿ. ಗೋಂದು ಗಟ್ಟಿ ಹಾಕಿದ್ವಿ, ಬಿಸಿನೀರು ಬೇಕಾಗಬಹುದು.