ಹಾಸಿನ ಅಗಲ

ಚಿಕ್ಕಪೇಟೆಯ ರೇಷ್ಮೆ ಸೀರೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನನಗೆ, ಕೆಂಪು ರಟ್ಟಿನ ಖಾತೆಪುಸ್ತಕಗಳನ್ನು ಅಟ್ಟಕ್ಕೇರಿಸಿ ಅವುಗಳ ಸ್ಥಾನದಲ್ಲಿ ಕಂಪ್ಯೂಟರನ್ನು ಪ್ರತಿಷ್ಠಾಪಿಸಿದ 1996ರ ದೀಪಾವಳಿ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಪೂಜೆಯೇನೋ ಸಾಂಗವಾಗಿ ನೆರವೇರಿತು. ಯಂತ್ರ ಮಾತ್ರ ನಡೆಯಲೊಲ್ಲದು. ವಿಂಡೋಸ್ 95ಕ್ಕೆ ಕನಿಷ್ಠ 4 ಎಂಬಿ ಮೆಮೊರಿ ಬೇಕೆಂದಿದ್ದಿತು, ನಮ್ಮಲ್ಲಿದ್ದುದೂ ಅಷ್ಟೇ. ಲೆಕ್ಕದ ಜೊತೆಗೆ ಒಂದು ಪತ್ರವನ್ನು ತೆರೆದೆವೋ, ಒಳಗೆ ಹಾರ್ಡ್ ಡಿಸ್ಕ್ ಕಟಕಟನೆ ಸದ್ದುಮಾಡುವುದು, ಪರದೆಯ ಮರಳುಗಡಿಯಾರ ಅಲುಗದೆ ನಿಲ್ಲುವುದು, ಬಿಲ್ಲಿಗೆ ಕಾದ ಗಿರಾಕಿಗಳು ಗೊಣಗುವರು. ಮಾರಿದವರು ಪ್ರೊಸೆಸರನ್ನೇ ಬದಲಿಸಬೇಕೆಂದರು.

ಕೂಗಳತೆಯಲ್ಲಿದ್ದ ಎಸ್.ಪಿ. ರಸ್ತೆ, ನಟ್ಟು ಬೋಲ್ಟು ಮೋಟಾರುಗಳ ಬೀದಿಯಾಗಿದ್ದುದು, ಆಗತಾನೆ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾಗಿ ಮಾರ್ಪಡುತ್ತಿತ್ತು. ಅಲ್ಲಿಂದ ಬಂದ ಹುಡುಗನೊಬ್ಬ ಕ್ಷಣಕಾಲ ಸದ್ದನ್ನಾಲಿಸಿ, ನಮ್ಮ ಬಿಳಿಯ ಹಾಸನ್ನು ತೋರಿಸಿ ಹೇಳಿದ: “ಸೆಟ್ರೇ, ಇದರ ಮೇಲೆ ನಾಲ್ಕೇ ಸೀರೆ ಹಿಡಿಸುತ್ತೆ ಅಂದ್ಕೊಳ್ಳಿ. ಐದನೇದು ತೋರಿಸ್ಬೇಕಾದ್ರೆ ಒಂದನ್ನ ಮಡಿಚಿ ಅಟ್ಟಕ್ಕೆ ಹಾಕ್ಬೇಕು. ಹತ್ತಿ ಇಳಿಯೋದ್ರಲ್ಲೇ ದಿನ ಹೋಗುತ್ತೆ. ಮಾರೋರು ಎಷ್ಟು ಚುರುಕಾಗಿದ್ರೇನು?” ಮೆಮೊರಿ ಸೆಕೆಂಡಿನ ಕೋಟಿಯಲ್ಲೊಂದು ಪಾಲಿಗಿಂತ ಕಡಮೆ ಅವಧಿಯಲ್ಲಿ ಕೊಡುವುದನ್ನು ಹುಡುಕಿ ತರಲು ಡಿಸ್ಕಿಗೆ ನೂರರಲ್ಲೊಂದು ಪಾಲು ಬೇಕೆಂಬುದನ್ನು, ಎಂದರೆ ಆ ಅಟ್ಟದ ಮೆಟ್ಟಿಲುಗಳು ಲಕ್ಷವೆಂಬುದನ್ನು, ನಾನು ತಿಳಿದುದು ಬಹುಕಾಲದ ಮೇಲೆ. ಅಂಗಿಯ ಜೇಬಿನಿಂದ ಅವನು ತೆಗೆದ 8 ಎಂಬಿಯ ಗೇಣಿಗಿಂತ ಚಿಕ್ಕ ಹಸಿರು ಪಟ್ಟಿಯನ್ನು ಕೂರಿಸಿದ ಮೇಲೆ ಸದ್ದಡಗಿತು. ಪ್ರೊಸೆಸರು ಹಳೆಯದೇ.

ಅಂದಿನಿಂದ ಅವನೇ ನಮ್ಮ ವೈದ್ಯ. ಯಂತ್ರ ಬೀಪ್ ಬೀಪ್ ಎಂದು ಮುಷ್ಕರ ಹೂಡಿದಾಗ ಪಟ್ಟಿಯನ್ನು ಕಿತ್ತು, ಅದರ ಚಿನ್ನಲೇಪದ ಅಂಚನ್ನು ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸುವನು; ಚಿನ್ನ ಉಜ್ಜುವುದು ಪೇಟೆಗೆ ಹೊಸತಲ್ಲವಾದುದರಿಂದ ಯಜಮಾನರಿಗೆ ಈ ಚಿಕಿತ್ಸೆ ಬಹಳ ಹಿಡಿಸಿತು. 1999ರ ಸೆಪ್ಟೆಂಬರಿನಲ್ಲಿ ತೈವಾನಿನಲ್ಲಿ ಭೂಮಿ ನಡುಗಿ ಚಿಪ್ ಕಾರ್ಖಾನೆಗಳು ಸ್ತಬ್ಧವಾದಾಗ, ಬೆಳಗ್ಗೆ ಹೇಳಿದ ಧಾರಣೆಗೆ ಮಧ್ಯಾಹ್ನ ಯಾವ ಅಂಗಡಿಯೂ ಕೊಡಲೊಪ್ಪದಾದುದನ್ನು ಆ ಬೀದಿಯಲ್ಲೇ ನಿಂತು ಕಂಡೆನು.

ಮೊನ್ನೆ ಮೊಮ್ಮಗಳ ತೆಳ್ಳನೆಯ ಲ್ಯಾಪ್‌ಟಾಪ್ ಮಂದವಾಯಿತೆಂದು, ಈಗ ಚಿಕ್ಕಪೇಟೆಯವರೆಗೂ ಬರುವ ಮೆಟ್ರೋದಲ್ಲಿ ಹೋಗಿ, ಅವನ ಮುಂದಿಟ್ಟೆ. ನರೆತ ತಲೆಯವನು ಹಿಂಬದಿಯನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಮತ್ತೆ ಮುಚ್ಚಿದ. “ಬೋರ್ಡಿಗೇ ಬೆಸುಗೆ ಹಾಕ್ಬಿಟ್ಟಿದಾರೆ ಸ್ವಾಮಿ. ಇದರ ಹಾಸು ಅಗಲ ಮಾಡೋಕಾಗಲ್ಲ.” ಮೇಜಿನ ಮೇಲೆ, ಸ್ಕ್ರೂಗಳ ಡಬ್ಬಿಯ ಪಕ್ಕದಲ್ಲಿ, ಸವೆದು ಅಡಕೆಯಷ್ಟಾದ ರಬ್ಬರೊಂದು ಬಿದ್ದಿತ್ತು.